ಸಿಡ್ನಿಯಲ್ಲಿ ಒಬ್ಬರೇ ಬೀಚಿಗೆ ಹೊರಟವರಿಗೆ

ಬಂದು ಎರಡು ವಾರ ಆಗಿದೆ. ಭಾನುವಾರ. ರೂಮಿನವರೆಲ್ಲ ಶಿಫ್ಟಿಗೆ ಹೋಗಿದ್ದಾರೆ. ಬೀಚಿಗೆ ಹೋಗೋಣ ಅಂದರೆ ಜೊತೆಗೆ ಯಾರೂ ಇಲ್ಲ. ಜೊತೆ ಸಿಗಲಿ ಅಂತ ಕಾದರೆ ಬೇಸಿಗೆಯೇ ಮುಗಿದುಹೋಗುತ್ತದೆ. ಒಬ್ಬರೇ ಹೊರಡಿ. ಇಲ್ಲಿ ಒಬ್ಬರೇ ಬಂದು ಮರಳಲ್ಲಿ ಕೂತವರನ್ನು ಯಾರೂ ತಿರುಗಿ ನೋಡುವುದಿಲ್ಲ.

ಮೊದಲ ಸಲಕ್ಕೆ ನಾನು ಹೇಳುವುದು ಮ್ಯಾನ್ಲಿ. ಬಾಂಡೈ ಹೆಸರುವಾಸಿ ನಿಜ, ಆದರೆ ಮ್ಯಾನ್ಲಿಗೆ ಹೋಗುವ ದಾರಿಯೇ ಅರ್ಧ ಪ್ರವಾಸ. ಪ್ಯಾರಮಟ್ಟ, ವೆಂಟ್ವರ್ತ್‌ವಿಲ್ ಕಡೆಯವರು ರೈಲಿನಲ್ಲಿ ಸರ್ಕ್ಯುಲರ್ ಕೀಗೆ ಬನ್ನಿ. (ಅದು 'ಕ್ವೇ' ಅಲ್ಲ, 'ಕೀ'. ನಾನು ಮೂರು ತಿಂಗಳು ಕ್ವೇ ಅಂತಲೇ ಹೇಳಿಕೊಂಡು ಓಡಾಡಿದೆ.) ಅಲ್ಲಿಂದ ಫೆರಿ ಹತ್ತಿದರೆ ಸುಮಾರು ಅರ್ಧ ಗಂಟೆ. ಬಲಗಡೆ ನಿಂತರೆ ಆಪೆರಾ ಹೌಸ್ ಪಕ್ಕದಲ್ಲೇ ಹಾದುಹೋಗುತ್ತದೆ. ಕಡಲು ಬಂದರಿನೊಳಗೆ ನುಗ್ಗುವ ಬಾಯಿಯ ಹತ್ತಿರ ದೋಣಿ ಸ್ವಲ್ಪ ತೂಗಾಡುತ್ತದೆ. ಹೆದರಬೇಡಿ.

ಮ್ಯಾನ್ಲಿಯಲ್ಲಿ ಇಳಿದ ತಕ್ಷಣ ಸಿಗುವುದು ಬಂದರಿನ ಬದಿ. ಅಲ್ಲಿ ನೀರು ಕೆರೆಯ ಹಾಗೆ ಇರುತ್ತದೆ. ಕಾರ್ಸೋ ಎಂಬ ಅಂಗಡಿ ಬೀದಿಯಲ್ಲಿ ಐದು ನಿಮಿಷ ನಡೆದರೆ ಇನ್ನೊಂದು ಬದಿಯಲ್ಲಿ ಪೆಸಿಫಿಕ್ ಸಾಗರ. ಜೀವರಕ್ಷಕ ಗಾರ್ಡುಗಳು ಕಾಯುವ ಜಾಗ ತೋರಿಸುವ ಕೆಂಪು-ಹಳದಿ ಬಾವುಟಗಳು ಕಾಣುವುದು ಅಲ್ಲೇ. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಅದು ಇದು: ನೀರಿಗೆ ಇಳಿಯುವುದಾದರೆ ಎರಡು ಬಾವುಟಗಳ ನಡುವೆ ಮಾತ್ರ.

ಯಾಕೆ ಅಂತ ಹೇಳುತ್ತೇನೆ. ನಾನು ದಾವಣಗೆರೆಯವನು. ಕುಂದವಾಡ ಕೆರೆ ನೋಡಿಕೊಂಡು ಬೆಳೆದವನು, ಈಜು ಬರುತ್ತಿರಲಿಲ್ಲ. ಮೊದಲ ಬೇಸಿಗೆಯಲ್ಲಿ ಬಾವುಟದ ಹತ್ತಿರ ಅಲೆಗಳು ಧಡ್ ಧಡ್ ಅಂತ ಬೀಳುತ್ತಿದ್ದವು. ಆಚೆ ಒಂದು ಕಡೆ ಅಲೆಯೇ ಇಲ್ಲ, ನೀರು ಸ್ವಲ್ಪ ಕಪ್ಪಗೆ, ತಣ್ಣಗೆ ಇತ್ತು. ನಮ್ಮ ಬುದ್ಧಿ ಏನು ಹೇಳುತ್ತದೆ? ಅಲೆ ಇಲ್ಲದ ಕಡೆ ಇಳಿ ಅನ್ನುತ್ತದೆ, ಅಲ್ವಾ? ಇಳಿದೆ. ಮೊಣಕಾಲುದ್ದ ನೀರಿತ್ತು. ಕಾಲ ಕೆಳಗಿನ ಮರಳು ಜಾರತೊಡಗಿತು, ನಾಲ್ಕು ಹೆಜ್ಜೆ ತಡವರಿಸುವಷ್ಟರಲ್ಲಿ ನೀರು ಎದೆಮಟ್ಟಕ್ಕೆ ಬಂದಿತ್ತು. ಕೆಂಪು-ಹಳದಿ ಟೋಪಿಯ ಹುಡುಗಿಯೊಬ್ಬಳು ಓಡಿ ಬಂದು ತೋಳು ಹಿಡಿದು ಎಳೆದಳು. ಬೈಯಲಿಲ್ಲ. ಬಾವುಟದ ಕಡೆ ಕೈ ತೋರಿಸಿದಳು, ಅಷ್ಟೇ.

ಅದನ್ನು ರಿಪ್ ಅನ್ನುತ್ತಾರೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಕಡಲಿಗೆ ಹೋಗುವ ಕಾಲುವೆ ಅದು. ಕಾಲುವೆ ಆಳವಾಗಿರುವುದರಿಂದ ಅಲೆ ಒಡೆಯುವುದು ಕಡಿಮೆ, ಅದಕ್ಕೇ ಶಾಂತವಾಗಿ ಕಾಣುತ್ತದೆ. ಬಾಂಡೈಯ ದಕ್ಷಿಣ ತುದಿಯ ರಿಪ್‌ಗೆ 'ಬ್ಯಾಕ್‌ಪ್ಯಾಕರ್ಸ್ ಎಕ್ಸ್‌ಪ್ರೆಸ್' ಅಂತಲೇ ಹೆಸರು, ನಮ್ಮಂಥ ಹೊಸಬರನ್ನು ಎಳೆದುಕೊಂಡು ಹೋಗುವುದಕ್ಕೆ. ಅದೇ ಬಾಂಡೈಯಲ್ಲಿ 1938ರ ಫೆಬ್ರವರಿ 6ರಂದು ದೊಡ್ಡ ಅಲೆಗಳು ಒಂದರ ಹಿಂದೆ ಒಂದು ಬಂದು ನೂರಾರು ಜನರನ್ನು ಸೆಳೆದುಕೊಂಡವು. ಸುಮಾರು 250 ಜನರನ್ನು ಎಳೆದು ತಂದರು, ಐವರು ಉಳಿಯಲಿಲ್ಲ.

ಅಕಸ್ಮಾತ್ ಸಿಕ್ಕಿಬಿದ್ದರೆ ದಡದ ಕಡೆ ನೇರ ಈಜಲು ಹೋಗಬೇಡಿ, ಸುಸ್ತಾಗುತ್ತೀರಿ. ಮಲಗಿದ ಹಾಗೆ ತೇಲಿ, ಒಂದು ಕೈ ಎತ್ತಿ ಬೀಸಿ, ಕೂಗಿ. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ, ಅಲೆ ಒಡೆಯುವ ಕಡೆ ಸರಿಯಿರಿ. ದಡದಲ್ಲಿ ನಿಂತಾಗ ಇನ್ನೊಬ್ಬರು ಸಿಕ್ಕಿಬಿದ್ದದ್ದು ಕಂಡರೆ ನೀವೇ ಹಾರಬೇಡಿ. ಗಾರ್ಡುಗಳಿಗೆ ಹೇಳಿ, ಅವರಿಲ್ಲದಿದ್ದರೆ 000ಗೆ ಫೋನ್ ಮಾಡಿ. ಒಬ್ಬರೇ ಹೋದಾಗ ಗಾರ್ಡು ಇಲ್ಲದ ಬೀಚಿನಲ್ಲಿ ನೀರಿಗೆ ಇಳಿಯಲೇಬೇಡಿ. ಯಾವ ಬೀಚಿನಲ್ಲಿ ಯಾವಾಗ ಇರುತ್ತಾರೆ ಅಂತ 'ಬೀಚ್‌ಸೇಫ್' ಆ್ಯಪ್‌ನಲ್ಲಿ ನೋಡಬಹುದು.

ಅಲೆಯ ಸಹವಾಸವೇ ಬೇಡ ಅನ್ನುವವರಿಗೂ ದಾರಿ ಇದೆ. ಮ್ಯಾನ್ಲಿ ಬೀಚಿನಲ್ಲಿ ಕಡಲಿಗೆ ಮುಖ ಮಾಡಿ ನಿಂತರೆ ಬಲಕ್ಕೆ ಸಿಗುವ ತುದಿಯಿಂದ ದಡದ ಕಾಲುದಾರಿ ಹಿಡಿಯಿರಿ. ಫೇರಿ ಬೋವರ್‌ನಲ್ಲಿ ಬಂಡೆ ಪಕ್ಕದಲ್ಲೇ ಕಟ್ಟಿದ ಸಣ್ಣ ಕೊಳ ಇದೆ, ಕಡಲ ನೀರಿನದೇ. ಮುಂದೆ ಹೋದರೆ ಶೆಲ್ಲಿ ಬೀಚ್. ಅದು ಪಶ್ಚಿಮಕ್ಕೆ ಮುಖ ಮಾಡಿದೆ, ಈ ಕಡೆ ಅಪರೂಪ. ಮಲ್ಪೆ, ಗೋಕರ್ಣದಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ, ಬಾಂಡೈಯಂಥ ಇಲ್ಲಿನ ಬೀಚುಗಳಲ್ಲಿ ಕಡಲಿನಿಂದ ಏಳುತ್ತಾನೆ. ಸೂರ್ಯಾಸ್ತ ನೋಡೋಣ ಅಂತ ಸಂಜೆ ಬಾಂಡೈಗೆ ಹೋಗಿ ಬೆನ್ನ ಹಿಂದಿನ ಕಟ್ಟಡಗಳನ್ನು ನೋಡಿಕೊಂಡು ಬಂದವರು ನಮ್ಮಲ್ಲಿ ಜಾಸ್ತಿ.

ಸಾಮಾನು ಕಡಿಮೆ ಇರಲಿ. ಒಂದು ಕಾರ್ಡು, ಒಂದು ಕೀ, ಫೋನಿಗೆ ನೀರು ಹೋಗದ ಚೀಲ. ಕಾಟನ್ ಪ್ಯಾಂಟು, ಚೂಡಿದಾರದಲ್ಲಿ ನೀರಿಗೆ ಇಳಿಯಬೇಡಿ, ನೆಂದರೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಮೈ ಮುಚ್ಚುವ ಈಜುಡುಗೆ ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ, ಬಿಸಿಲಿಗೂ ಒಳ್ಳೆಯದು. ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಿ. 'ನಮ್ಮ ಬಣ್ಣಕ್ಕೆ ಇದೆಲ್ಲ ಯಾಕೆ' ಅಂದುಕೊಂಡ ನನ್ನ ಕತ್ತಿನ ಸಿಪ್ಪೆ ಒಂದು ವಾರ ಏಳುತ್ತಿತ್ತು. ಮರಳಿನ ಮೇಲೆ ಬಲೂನಿನ ಹಾಗಿರುವ ನೀಲಿ ಗುಳ್ಳೆ ಕಂಡರೆ ಮುಟ್ಟಬೇಡಿ. ಅದು ಬ್ಲೂಬಾಟಲ್ ಎಂಬ ಕಡಲಜೀವಿ, ಸತ್ತರೂ ಕುಟುಕುತ್ತದೆ. ಕುಟುಕಿದರೆ ಗಾರ್ಡುಗಳ ಹತ್ತಿರ ಹೋಗಿ, ಬಿಸಿನೀರಿನ ವ್ಯವಸ್ಥೆ ಮಾಡುತ್ತಾರೆ.

ತಿಂಡಿ ಮನೆಯಿಂದಲೇ ಒಯ್ಯಿರಿ, ಆದರೆ ಡಬ್ಬಿಯ ಮುಚ್ಚಳ ತೆಗೆದಿಟ್ಟು ಫೋನ್ ನೋಡುತ್ತಾ ಕೂರಬೇಡಿ. ಸೀಗಲ್‌ಗಳಿಗೆ ಚಪಾತಿ ರೋಲ್ ಅಂದರೆ ಪ್ರಾಣ. ಇಲ್ಲಿ ಬೇಸಿಗೆಯ ಮಧ್ಯಾಹ್ನ 3 ಗಂಟೆ ಅಂದರೆ ಊರಲ್ಲಿ ಬೆಳಗಿನ 9:30. ಅಮ್ಮ ತಿಂಡಿ ಮುಗಿಸಿರುತ್ತಾರೆ, ಫೋಟೊ ಕಳಿಸಿ. ಒಬ್ಬರೇ ಹೋಗಿದ್ದಿರಿ ಅಂತ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.