‘ಫೋನ್ ಹೋಗೇತಿ’ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಹೇಳೋದು ಹೇಗೆ?

ಬಾಗಲಕೋಟೆ ನವನಗರದ ನಮ್ಮ ಕಾಕಾ ಹೋದ ವರ್ಷ ಕಾಕೂನ ಫೋನಿನಿಂದ ಕಸ್ಟಮರ್ ಕೇರ್‌ಗೆ ‘ಮೈ ಫೋನ್ ಈಸ್ ಗಾನ್’ ಅಂತ ಮೆಸೇಜ್ ಹಾಕಿದರು. ಫೋನ್ ಎದುರಿಗೇ ಇತ್ತು, ಆನ್ ಆಗ್ತಿರಲಿಲ್ಲ ಅಷ್ಟೇ. ಆ ಕಡೆಯವರು ಕಳುವಾಗಿದೆ ಅಂದ್ಕೊಂಡು ಸಿಮ್ ಬಂದ್ ಮಾಡಿಬಿಟ್ಟರು! ‘ಹೋಗೇತಿ’ ಅಂದ್ರೆ ನಮ್ಮಲ್ಲಿ ಕೆಟ್ಟಿದೆ ಅಂತ. ಇಂಗ್ಲಿಷ್‌ನ ‘ಗಾನ್’ಗೆ ಆ ಅರ್ಥ ಇಲ್ಲ. ‘ಮೈ ಫೋನ್ ವೋಂಟ್ ಟರ್ನ್ ಆನ್’ ಅಂದಿದ್ದರೆ ಸಾಕಿತ್ತು.

ಹಾಗಾಗಿ ಮೊದಲು ಕನ್ನಡದಲ್ಲೇ ಮೂರು ವಿಷಯ ಯೋಚನೆ ಮಾಡಿ: ಏನಾಗ್ತಿದೆ, ಏನು ಮಾಡಿದಾಗ ಆಗ್ತಿದೆ, ಯಾವಾಗಿಂದ. ‘ನಾಟ್ ವರ್ಕಿಂಗ್’ ಅಂತ ಬರೆದರೆ ಯಾರಿಗೂ ಏನೂ ತಿಳಿಯಲ್ಲ.

ಆಮೇಲೆ ಸರಿಯಾದ ಪದ ಹುಡುಕಿ. ತಪ್ಪೋದು ಇಲ್ಲೇ ಜಾಸ್ತಿ. ನಾವು ಎಲ್ಲದಕ್ಕೂ ‘ಹ್ಯಾಂಗ್’ ಅಂತೀವಿ ಅಲ್ವಾ? ಸ್ಕ್ರೀನ್ ಕಲ್ಲಿನ ಹಂಗೆ ನಿಂತು, ಎಷ್ಟು ಒತ್ತಿದರೂ ಅಲ್ಲಾಡದಿದ್ದರೆ ಅದು ‘ಫ್ರೀಝ್’. ಒತ್ತಿದ್ದು ತಡವಾಗಿ ಕೆಲಸ ಮಾಡಿದರೆ ‘ಲ್ಯಾಗ್’. ಆ್ಯಪ್ ತಾನಾಗೇ ಮುಚ್ಚಿಕೊಂಡರೆ ‘ಕ್ರ್ಯಾಶ್’. ವಿಡಿಯೊ ನಡುವೆ ಚಕ್ರ ತಿರುಗುತ್ತಾ ಕೂತರೆ ‘ಬಫರಿಂಗ್’, ಅದು ಹೆಚ್ಚಾಗಿ ನೆಟ್‌ನ ತಪ್ಪು, ಫೋನಿಂದಲ್ಲ. ಸ್ಕ್ರೀನ್ ಮಿಣಮಿಣ ಅಂದರೆ ‘ಫ್ಲಿಕರ್’, ಚಾರ್ಜ್ ಬೇಗ ಇಳಿದರೆ ‘ಡ್ರೇನ್’. ಈ ಪದ ಸಿಕ್ಕಮೇಲೆ ವಾಕ್ಯ ತಾನೇ ಕೂಡುತ್ತದೆ: ‘ದಿ ಆ್ಯಪ್ ಕ್ರ್ಯಾಶಸ್ ವೆನ್ ಐ ಓಪನ್ ದಿ ಕ್ಯಾಮೆರಾ, ಸಿನ್ಸ್ ಮಂಡೇ’. ವ್ಯಾಕರಣ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತೆ. ಜೊತೆಗೆ ಐಎಂಇಐ, ಅಂದ್ರೆ ಫೋನಿನ ಗುರುತಿನ ನಂಬರ್ ಕೇಳಿದರೆ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿ. ಬರುವ 15 ಅಂಕಿಯ ನಂಬರ್ ಅದೇ.

ದುಡ್ಡಿನ ವಿಷಯಕ್ಕೆ ಇನ್ನೂ ಹುಷಾರಾಗಿರಿ. ಯುಪಿಐನಲ್ಲಿ ‘ಪೆಂಡಿಂಗ್’ ಅಂದ್ರೆ ಇನ್ನೂ ಇತ್ಯರ್ಥ ಆಗಿಲ್ಲ, ಗಡಿಬಿಡಿಯಲ್ಲಿ ಮತ್ತೆ ಕಳಿಸಬೇಡಿ, ಎರಡು ಸಲ ಹೋದೀತು. ‘ಡಿಕ್ಲೈನ್ಡ್’ ಅಂದ್ರೆ ಬ್ಯಾಂಕ್ ಒಪ್ಪಲಿಲ್ಲ. ಖಾತೆಯಿಂದ ಹಣ ಹೋಗಿ ಆ ಕಡೆ ಮುಟ್ಟದಿದ್ದರೆ ‘ಡೆಬಿಟೆಡ್ ಬಟ್ ನಾಟ್ ಕ್ರೆಡಿಟೆಡ್’ ಅಂತಲೇ ಬರೆಯಿರಿ. ಬ್ಯಾಂಕ್ ತಾನೇ ವಾಪಸ್ ಹಾಕೋದು ‘ರಿವರ್ಸಲ್’, ಅಂಗಡಿಯವರು ಕೊಡೋದು ‘ರಿಫಂಡ್’. ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮದ ಪ್ರಕಾರ, ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ ಹಣ ಹೀಗೆ ಸಿಕ್ಕಿಕೊಂಡರೆ ಮರುದಿನದೊಳಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆಮೇಲೆ ‘ಆಟೊ ರಿನ್ಯೂ’ ಅನ್ನೋ ಡಬ್ಬಿಗೆ ಸುಮ್ನೆ ಟಿಕ್ ಹಾಕಬೇಡಿ, ನೀವು ಬೇಡ ಅನ್ನೋವರೆಗೂ ಪ್ರತಿ ಸಲ ಹಣ ಕಟ್ ಆಗ್ತಾನೇ ಇರುತ್ತೆ.

ಹೊಸ ಫೋನ್, ನೆಟ್ ಕೊಳ್ಳುವಾಗ ‘ಅಪ್ ಟು’ ನೋಡಿ. ‘ಅಪ್ ಟು 100 ಎಂಬಿಪಿಎಸ್’ ಅಂದ್ರೆ ಹೆಚ್ಚೆಂದರೆ ಅಷ್ಟು, ಯಾವಾಗಲೂ ಅಷ್ಟಲ್ಲ. ಎಂಬಿಪಿಎಸ್ ಅಂದ್ರೆ ನೆಟ್‌ನ ವೇಗ, ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ. ಅಲ್ಲಿ ಎಣಿಸೋದು ಬಿಟ್, ಫೈಲ್ ಅಳೆಯೋದು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಪೂರ್ತಿ 100 ಸಿಕ್ಕರೂ ಸೆಕೆಂಡಿಗೆ ಇಳಿಯೋದು ಹನ್ನೆರಡೂವರೆ ಮೆಗಾಬೈಟ್. ‘ರಿಫರ್ಬಿಶ್ಡ್’ ಅಂದ್ರೆ ವಾಪಸ್ ಬಂದದ್ದನ್ನ ರಿಪೇರಿ, ಪರೀಕ್ಷೆ ಮಾಡಿ ಮತ್ತೆ ಮಾರೋದು. ಹೊಸದಲ್ಲ.

ಇನ್ನೊಂದು ಜೋಡಿಪದ ಇದೆ, ಕಾಕಾನಿಗೆ ಅದೂ ತಾಗಿತು. ‘ರೀಸ್ಟಾರ್ಟ್’ ಅಂದ್ರೆ ಆಫ್ ಮಾಡಿ ಆನ್ ಮಾಡೋದು. ‘ಫ್ಯಾಕ್ಟರಿ ರೀಸೆಟ್’ ಅಂದ್ರೆ ಒಳಗಿರೋದೆಲ್ಲ ಅಳಿಸೋದು. ಫೋನ್ ರಿಪೇರಿ ಆಗಿ ಬಂದ ವಾರಕ್ಕೆ ರೀಸ್ಟಾರ್ಟ್ ಮಾಡಿ ಅಂದರೆ ಇವರು ಸೆಟಿಂಗ್ಸ್‌ಗೆ ಹೋಗಿ ರೀಸೆಟ್ ಒತ್ತಿದರು. ತಂಗಿ ಮದುವೆಯ ಫೋಟೊ ಒಂದೂ ಉಳಿಯಲಿಲ್ಲ. ಈಗ ಊರವರ ಹತ್ತಿರ ಒಂದೊಂದೇ ಕೇಳಿ ಇಸ್ಕೊಳ್ತಿದ್ದಾರೆ.