ಹೋಳಿಗೆ ದಿನ ನಾಯಿಯನ್ನು ಕಾಯುವುದು ಹೇಗೆ?

ಒಂದು ಬಟ್ಟಲು ಶೀರ್ ಖುರ್ಮಾದಲ್ಲಿ ಎಷ್ಟು ಒಣದ್ರಾಕ್ಷಿ ಇರುತ್ತವೆ ಎಂದು ಯಾರೂ ಎಣಿಸುವುದಿಲ್ಲ. ನಾನು ಎಣಿಸಿದ್ದೇನೆ.

ಎರಡು ವರ್ಷಗಳ ಹಿಂದೆ, ರಂಜಾನ್ ಹಬ್ಬದ ದಿನ. ಪಕ್ಕದ ಮನೆಯ ಚಾಚಿ ಕಳುಹಿಸಿದ ಬಟ್ಟಲನ್ನು ಕಿಟಕಿ ಕಟ್ಟೆಯ ಮೇಲಿಟ್ಟು ಫೋನಿನಲ್ಲಿ ಮಾತಿಗೆ ನಿಂತಿದ್ದೆ. ತಿರುಗಿ ನೋಡುವಷ್ಟರಲ್ಲಿ ಬಟ್ಟಲು ಶಹಾಬಾದ್ ಕಲ್ಲಿನ ನೆಲದ ಮೇಲೆ ಬೋರಲು ಬಿದ್ದಿತ್ತು. ನಮ್ಮ ರಾಣಿ ಮೂಗಿನ ತುದಿಗೆ ಶಾವಿಗೆ ಎಳೆ ಅಂಟಿಸಿಕೊಂಡು ಬಾಲ ಅಲ್ಲಾಡಿಸುತ್ತಿದ್ದಳು. ಹಾಲು, ಶಾವಿಗೆ ತಾನೆ, ಹೆಚ್ಚೆಂದರೆ ಹೊಟ್ಟೆ ಕೆಟ್ಟೀತು ಎಂದುಕೊಂಡು ನೆಲ ಒರೆಸಲು ಕುಳಿತೆ. ಫೋನಿನಲ್ಲಿದ್ದವಳು ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಅಕ್ಕನ ಮಗಳು. ಅವಳು ಕೇಳಿದ್ದು ಒಂದೇ ಮಾತು: "ಅದರಲ್ಲಿ ದ್ರಾಕ್ಷಿ ಇತ್ತೇ ಚಿಗವ್ವಾ?"

ನೆಲದ ಮೇಲೆ ಉಳಿದದ್ದು ಒಂಬತ್ತು. ಉಳಿದವು ರಾಣಿಯ ಹೊಟ್ಟೆಯಲ್ಲಿದ್ದವು. ಹಬ್ಬದ ದಿನವಾದ್ದರಿಂದ ಮೊದಲು ಹೋದ ಎರಡು ಕ್ಲಿನಿಕ್‌ಗಳಿಗೆ ಬೀಗ. ಮೂರನೆಯ ಕಡೆ ವೈದ್ಯರು ಸಿಕ್ಕರು. ಚುಚ್ಚುಮದ್ದು ಕೊಟ್ಟು ಹತ್ತು ನಿಮಿಷವಾಗಿರಲಿಲ್ಲ, ಹಳೆ ಪತ್ರಿಕೆಯ ಮೇಲೆ ಹಾಲು, ಶಾವಿಗೆ, ಉತ್ತತ್ತಿ ಚೂರುಗಳ ನಡುವೆ ಹಾಲು ಕುಡಿದು ಉಬ್ಬಿದ ದ್ರಾಕ್ಷಿಗಳು ಬಂದು ಬಿದ್ದವು. ಒಂದನ್ನೂ ಅಗಿದಿರಲಿಲ್ಲ. ಕೈಗವಸು ಹಾಕಿಕೊಂಡು ಎಣಿಸಿದೆವು: ಹದಿನಾರು.

ನಾಯಿಗೆ ಸಿಹಿ ಕೊಡಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಾರಣ ಕೇಳಿದರೆ ಜಂತುಹುಳು ಆಗುತ್ತದೆ, ಕೂದಲು ಉದುರುತ್ತದೆ ಎನ್ನುತ್ತಾರೆ. ಹುಳು ಬರುವುದು ಹುಳುವಿನ ಮೊಟ್ಟೆಯಿಂದ, ಚಿಗಟದಿಂದ, ಬೆಲ್ಲದಿಂದಲ್ಲ. ಈ ತಪ್ಪು ಕಾರಣವನ್ನು ನಂಬಿದ್ದರಿಂದಲೇ ನಾವು ಸಕ್ಕರೆಯನ್ನು ಕಾಯುತ್ತಾ ಕುಳಿತು, ಅದರೊಳಗೆ ಅಡಗಿರುವುದನ್ನು ಬಿಟ್ಟುಬಿಡುತ್ತೇವೆ. ಆದ್ದರಿಂದ ಹಬ್ಬಕ್ಕೆ ಒಂದು ವಾರ ಮೊದಲೇ ಶುರು ಮಾಡಿ.

ಮೊದಲು ತೂಕ

ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ಬಂದ ಅಂಕಿಯನ್ನು ಫ್ರಿಜ್ ಬಾಗಿಲಿಗೆ ಬರೆದು ಅಂಟಿಸಿ. ಅದರ ಕೆಳಗೆ ಹಬ್ಬದ ದಿನವೂ ಬಾಗಿಲು ತೆರೆಯುವ ಪಶುವೈದ್ಯರ ಫೋನ್ ಸಂಖ್ಯೆ ಇರಲಿ. ತೆರೆದಿರುತ್ತಾರೆಯೇ ಎಂದು ಮೊದಲೇ ಕೇಳಿ ಬರೆಯಿರಿ, ಊಹಿಸಿ ಬರೆಯಬೇಡಿ. ಪಶು ಸಹಾಯವಾಣಿ 1962 ಕೂಡ ಅಲ್ಲಿರಲಿ.

ತೂಕ ಏಕೆ ಎಂದರೆ, ವಿಷದ ಲೆಕ್ಕವೆಲ್ಲ ನಡೆಯುವುದು ಕಿಲೋ ಮೇಲೆ. ಚಾಕೊಲೇಟ್ ತೆಗೆದುಕೊಳ್ಳಿ. ಅದರಲ್ಲಿರುವ ಥಿಯೊಬ್ರೊಮಿನ್ ಎಂಬ ಅಂಶವನ್ನು ನಮ್ಮ ದೇಹ ಬೇಗ ಹೊರಹಾಕುತ್ತದೆ. ನಾಯಿಯ ದೇಹದಲ್ಲಿ ಅದು ಅರ್ಧಕ್ಕೆ ಇಳಿಯಲೇ ಹದಿನೇಳೂವರೆ ಗಂಟೆ ಬೇಕು. ಪ್ರತಿ ಕಿಲೋ ತೂಕಕ್ಕೆ 20 ಮಿಲಿಗ್ರಾಂ ಸೇರಿದರೆ ವಾಂತಿ, ಚಡಪಡಿಕೆ. 40 ದಾಟಿದರೆ ಎದೆಬಡಿತ ತಪ್ಪುತ್ತದೆ. 60ರ ಹೊತ್ತಿಗೆ ಫಿಟ್ಸ್ ಬರಬಹುದು. ಒಂದು ಗ್ರಾಂ ಹಾಲಿನ ಚಾಕೊಲೇಟಿನಲ್ಲಿ ಸುಮಾರು 2 ಮಿಲಿಗ್ರಾಂ, ಕಪ್ಪು ಚಾಕೊಲೇಟಿನಲ್ಲಿ ಸುಮಾರು 5, ಕೇಕಿಗೆ ಹಾಕುವ ಕೋಕೊ ಪುಡಿಯಲ್ಲಿ 20ರ ಆಸುಪಾಸು. 80 ಗ್ರಾಂ ಕಪ್ಪು ಚಾಕೊಲೇಟನ್ನು 30 ಕಿಲೋ ಲ್ಯಾಬ್ರಡಾರ್ ನುಂಗಿದರೆ ಕಿಲೋಗೆ 13 ಬೀಳುತ್ತದೆ, ಹೊಟ್ಟೆ ಕೆಟ್ಟು ಸುಮ್ಮನಾಗಬಹುದು. ಅದನ್ನೇ 4 ಕಿಲೋ ಪೊಮೆರೇನಿಯನ್ ನುಂಗಿದರೆ ಕಿಲೋಗೆ 100. ಅದು ಜೀವಕ್ಕೇ ಅಪಾಯ.

ದೀಪಾವಳಿಗೆ ಈಗ ನಮ್ಮ ಮನೆಗಳಿಗೂ ಬೇಸನ್ ಉಂಡಿಗಿಂತ ಮೊದಲು ಚಾಕೊಲೇಟ್ ಪೆಟ್ಟಿಗೆ ಬರುತ್ತದೆ, ಬಂದದ್ದು ಕೆಳಗಿನ ಟೀಪಾಯಿ ಮೇಲೆಯೇ ಕೂರುತ್ತದೆ. ಅದಕ್ಕೇ ಈ ಲೆಕ್ಕ.

ಡಬ್ಬಿಗಳನ್ನು ಬೇರೆ ಮಾಡಿ

ಎರಡನೆಯ ಕೆಲಸ, ಏನೇನು ಮಾಡುತ್ತೀರಿ, ಏನೇನು ಬರುತ್ತದೆ ಎಂದು ನೋಡಿ ಡಬ್ಬಿಗಳನ್ನು ಬೇರೆ ಮಾಡುವುದು. ನಮ್ಮ ಮನೆಯಲ್ಲಿ ಮೇಲಿನ ಕಪಾಟಿಗೆ ಹೋಗುವವು ಮೂರು ಬಗೆ: ದ್ರಾಕ್ಷಿ ಇರುವುದು, ಚಾಕೊಲೇಟ್ ಇರುವುದು, ಸಕ್ಕರೆ ಕಾಯಿಲೆಯವರಿಗೆಂದು ತಂದದ್ದು.

ದ್ರಾಕ್ಷಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಹಸಿಯದಾಗಲಿ, ಒಣಗಿಸಿದ್ದಾಗಲಿ, ನಾಯಿಯ ಮೂತ್ರಪಿಂಡವನ್ನು ಅದು ಕೆಡಿಸಬಲ್ಲದು. ಇಷ್ಟು ತಿಂದರೆ ಪರವಾಗಿಲ್ಲ ಎಂಬ ಗೆರೆಯೇ ಇಲ್ಲ. ಒಂದು ನಾಯಿ ಹಿಡಿಗಟ್ಟಲೆ ತಿಂದು ಅರಾಮಾಗಿರುತ್ತದೆ, ಇನ್ನೊಂದು ನಾಲ್ಕೈದಕ್ಕೇ ಮಲಗಿಬಿಡುತ್ತದೆ. "ನಮ್ಮ ನಾಯಿ ಎಷ್ಟೋ ಸಲ ತಿಂದಿದೆ, ಏನೂ ಆಗಿಲ್ಲ" ಎನ್ನುವವರ ಮಾತು ಸುಳ್ಳಲ್ಲ. ಮುಂದಿನ ಸಲಕ್ಕೆ ಅದು ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ. ಮೊದಲ ದಿನ ವಾಂತಿ ಮಾಡಿಕೊಳ್ಳುತ್ತದೆ, ಆಮೇಲೆ ಸುಧಾರಿಸಿದಂತೆ ಕಾಣುತ್ತದೆ, ಎರಡು ಮೂರು ದಿನದೊಳಗೆ ಮೂತ್ರ ಕಡಿಮೆಯಾಗಿ ನಿಂತೇ ಹೋಗುತ್ತದೆ. ನಡುವಿನ ಆ ಸುಧಾರಣೆಯನ್ನು ನಂಬಿ ಕುಳಿತವರು ನಾಯಿಯನ್ನು ಕಳೆದುಕೊಳ್ಳುತ್ತಾರೆ.

ಇದಕ್ಕೆ ಕಾರಣ ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಇರಬೇಕು ಎಂದು ಪಶುವೈದ್ಯರು 2021ರಿಂದ ಹೇಳುತ್ತಿದ್ದಾರೆ. ಆ ಆಮ್ಲ ದಂಡಿಯಾಗಿರುವ ಇನ್ನೊಂದು ವಸ್ತು ನಮ್ಮ ಹುಣಸೆ. ಹಾಗಾಗಿ ಹೋಳಿಗೆ ಬೇಡ ಎಂದು ರೊಟ್ಟಿಯನ್ನು ಕಟ್ಟಿನ ಸಾರಿನಲ್ಲಿ ಅದ್ದಿ ಕೊಡುವುದೂ ಬೇಡ. ಸಾರಿನಲ್ಲಿ ಹುಣಸೆಯೂ ಇದೆ, ನಾಯಿಯ ರಕ್ತಕಣಗಳನ್ನು ಒಡೆಯುವ ಈರುಳ್ಳಿ, ಬೆಳ್ಳುಳ್ಳಿಯೂ ಇವೆ.

ಈಗ ನಮ್ಮ ಅಡುಗೆಮನೆಯಲ್ಲಿ ದ್ರಾಕ್ಷಿ ಎಲ್ಲೆಲ್ಲಿದೆ ನೋಡಿ. ಶೀರ್ ಖುರ್ಮಾ ಆಯಿತು. ಜಾತ್ರೆಗೆ ನೆಂಟರು ಬಂದಾಗ ಮಾಡುವ ಗೋಧಿ ಹುಗ್ಗಿ, ಶಾವಿಗೆ ಪಾಯಸ, ಶಿರಾ, ರವೆ ಉಂಡಿಯ ನೆತ್ತಿಯ ಮೇಲೆ ಒತ್ತಿದ ಒಂದೇ ಒಂದು ದ್ರಾಕ್ಷಿ. ಕ್ರಿಸ್‌ಮಸ್‌ಗೆ ಬೀದರಿನ ಗೆಳತಿಯರು ಕಳುಹಿಸುವ ಪ್ಲಮ್ ಕೇಕ್ ಇವೆಲ್ಲವನ್ನೂ ಮೀರಿಸಿದ್ದು: ದ್ರಾಕ್ಷಿಯೇ ಅದರ ಜೀವಾಳ, ಆ ದ್ರಾಕ್ಷಿಯನ್ನು ಕೆಲವರು ವಾರಗಟ್ಟಲೆ ರಮ್ಮಿನಲ್ಲಿ ನೆನೆಸಿರುತ್ತಾರೆ. ಮದ್ಯವೂ ನಾಯಿಗೆ ವಿಷವೇ.

ಸಕ್ಕರೆ ಇಲ್ಲದ ಮಿಠಾಯಿ, ಚ್ಯೂಯಿಂಗ್ ಗಮ್ ಪೊಟ್ಟಣಗಳ ಹಿಂದೆ ಕ್ಸೈಲಿಟಾಲ್ ಎಂಬ ಹೆಸರನ್ನೋ 967 ಎಂಬ ಸಂಖ್ಯೆಯನ್ನೋ ಹುಡುಕಿ. ನಮಗೆ ಏನೂ ಮಾಡದ ಆ ಸಿಹಿ ನಾಯಿಯಲ್ಲಿ ಇನ್ಸುಲಿನ್ನನ್ನು ಒಮ್ಮೆಲೇ ಉಕ್ಕಿಸುತ್ತದೆ. ಕಿಲೋ ತೂಕಕ್ಕೆ 0.1 ಗ್ರಾಂ ಸಾಕು, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡುತ್ತದೆ. ಹೆಚ್ಚು ತಿಂದರೆ ಯಕೃತ್ತು ಹೋಗುತ್ತದೆ. ಎಲ್ಲ ಶುಗರ್ ಫ್ರೀ ತಿನಿಸಿನಲ್ಲೂ ಇದು ಇರುವುದಿಲ್ಲ. ಅದಕ್ಕೇ ಓದಿ ನೋಡಬೇಕು.

ಇನ್ನು ಹೋಳಿಗೆ. ಹೂರಣದ ಬೇಳೆ, ಬೆಲ್ಲ ವಿಷವಲ್ಲ. ಚಿಟಿಕೆ ಜಾಜಿಕಾಯಿಯಿಂದ ಏನೂ ಆಗದು, ಇಡೀ ಕಾಯಿ ಸಿಕ್ಕರೆ ಮಾತ್ರ ತೊಂದರೆ. ಹೋಳಿಗೆಯಲ್ಲಿ ತಕರಾರು ತುಪ್ಪದ್ದು. ತುಪ್ಪ ಸುರಿದ ಒಂದು ಹೋಳಿಗೆಯಲ್ಲಿ ಹೆಚ್ಚುಕಡಿಮೆ 300 ಕ್ಯಾಲೊರಿ. 5 ಕಿಲೋ ನಾಯಿಗೆ ಅದು ಒಂದು ದಿನದ ಊಟ. ಕರ್ಚಿಕಾಯಿ, ಶಂಕರಪಾಳಿ, ಮಾಲ್ಪುರಿ, ಶೇಂಗಾ ಹೋಳಿಗೆಗೂ ಇದೇ ಮಾತು. ಅಭ್ಯಾಸವಿಲ್ಲದ ಹೊಟ್ಟೆಗೆ ಅಷ್ಟು ಜಿಡ್ಡು ಒಮ್ಮೆಲೇ ಬಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಆಗ ನಾಯಿ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ, ನಮಸ್ಕಾರ ಹಾಕುವಂತೆ ನಿಲ್ಲುತ್ತದೆ. ಮಕ್ಕಳು ನೋಡಿ ನಗುತ್ತಾರೆ, ವಿಡಿಯೊ ತೆಗೆಯುತ್ತಾರೆ. ಆಟಕ್ಕೆ ಕರೆಯುವಾಗಲೂ ನಾಯಿ ಹಾಗೇ ಬಾಗುತ್ತದೆ, ನಿಜ. ಆದರೆ ವಾಂತಿ ಮಾಡಿ, ಊಟ ಬಿಟ್ಟು, ಮತ್ತೆ ಮತ್ತೆ ಹಾಗೆ ನಿಂತರೆ ಅದು ಹೊಟ್ಟೆನೋವು. ಹಬ್ಬ ಮುಗಿದು ಒಂದೆರಡು ದಿನದ ಮೇಲೂ ಬರಬಹುದು.

ಗುಲಾಬ್ ಜಾಮೂನಿನ ಒಂದು ಚೂರು, ಬರ್ಫಿಯ ಒಂದು ಮೂಲೆ ಬಾಯಿಗೆ ಬಿದ್ದರೆ ಗಾಬರಿಯಾಗಬೇಡಿ. ಹಾಲು ಅರಗದೆ ಬೇಧಿಯಾದೀತು, ನೀರು ಇಡಿ. ಮಿಠಾಯಿ ಪೆಟ್ಟಿಗೆಯ ಪ್ಲಾಸ್ಟಿಕ್, ದಾರ, ಖರ್ಜೂರದ ಬೀಜ ನುಂಗಿದ್ದರೆ ಮಾತ್ರ ಕರುಳು ಕಟ್ಟಿಕೊಳ್ಳಬಹುದು, ನಿಗಾ ಇರಲಿ.

ತಿಂದೇ ಬಿಟ್ಟರೆ

ಮೊದಲು ಉಳಿದದ್ದನ್ನು ಎತ್ತಿಡಿ. ನೆಲ ಒರೆಸಬೇಡಿ, ಎಣಿಸಿ. ಪೊಟ್ಟಣವಿದ್ದರೆ ಜೊತೆಗಿಟ್ಟುಕೊಳ್ಳಿ. ವೈದ್ಯರು ಕೇಳುವುದು ನಾಲ್ಕೇ: ಏನು, ಎಷ್ಟು, ಎಷ್ಟು ಹೊತ್ತಿಗೆ, ನಾಯಿಯ ತೂಕವೆಷ್ಟು.

ಲಕ್ಷಣ ಕಾಣಲಿ ಎಂದು ಕಾಯಬೇಡಿ. ಚಾಕೊಲೇಟಿನ ಲಕ್ಷಣ ಕಾಣಲು ಆರರಿಂದ ಹನ್ನೆರಡು ಗಂಟೆ ಬೇಕು. ವಾಂತಿ ಮಾಡಿಸಿ ಹೊರತೆಗೆಯಲು ಒಳ್ಳೆಯ ಸಮಯ ಮೊದಲ ಎರಡು ಗಂಟೆ.

ಮನೆಯಲ್ಲಿ ಉಪ್ಪುನೀರು ಕುಡಿಸಬೇಡಿ. ಇದನ್ನು ಹೇಳುವ ಹಿರಿಯರು ಪ್ರತಿ ಓಣಿಯಲ್ಲೂ ಇದ್ದಾರೆ. ಉಪ್ಪು ರಕ್ತಕ್ಕೇರಿದರೆ ಅದೇ ಇನ್ನೊಂದು ವಿಷ. ಗಂಟಲಿಗೆ ಬೆರಳು ಹಾಕಬೇಡಿ. ಹಾಲು ಕುಡಿಸಿದರೆ ವಿಷ ಇಳಿಯುತ್ತದೆ ಎಂಬುದೂ ಬರೀ ಮಾತು. ತೂರಾಡುತ್ತಿರುವ, ಎಚ್ಚರವಿಲ್ಲದ ನಾಯಿಯ ಬಾಯಿಗೆ ಏನನ್ನೂ ಸುರಿಯಬೇಡಿ, ಉಸಿರಿನ ಚೀಲಕ್ಕೆ ಹೋಗುತ್ತದೆ.

ದ್ರಾಕ್ಷಿ ತಿಂದಿದ್ದರೆ ವಾಂತಿಯಾದ ಮಾತ್ರಕ್ಕೆ ಮನೆಗೆ ಕರೆದುಕೊಂಡು ಬರಬೇಡಿ. ರಾಣಿಗೆ ಎರಡು ದಿನ ಸಲೈನ್ ಹಾಕಿದರು, ಮೂರು ದಿನ ರಕ್ತ ತೆಗೆದು, ಮೂತ್ರಪಿಂಡ ಕೆಡುತ್ತಿದೆಯೇ ಎಂದು ತಿಳಿಸುವ ಕ್ರಿಯಾಟಿನಿನ್ ನೋಡಿದರು. ಕಲಬುರಗಿಯ ಬೇಸಿಗೆ, ಹೊರಗೆ ಬೆಂಕಿಯಂಥ ಬಿಸಿಲು. ನೀರಿನಂಶ ಕಡಿಮೆಯಾದಷ್ಟೂ ಮೂತ್ರಪಿಂಡಕ್ಕೆ ಹೊರೆ ಎಂದು ವೈದ್ಯರು ಬಟ್ಟಲು ಖಾಲಿಯಾಗಲು ಬಿಡಲಿಲ್ಲ. ಚಾಚಿ ಮೂರು ದಿನವೂ ಬಂದು ಕೂತರು. "ಒಂದು ಹಿಡಿ ಕಡಿಮೆ ಹಾಕಿದ್ದರೆ ಏನಾಗುತ್ತಿತ್ತು ನನಗೆ" ಎಂದು ತಮ್ಮನ್ನೇ ಬೈದುಕೊಂಡರು. ಬಟ್ಟಲನ್ನು ಕಿಟಕಿ ಕಟ್ಟೆಯ ಮೇಲಿಟ್ಟವಳು ನಾನು ಎಂದರೂ ಕೇಳಲಿಲ್ಲ.

ಓಣಿಯ ನಾಯಿಗಳಿಗೆ

ಹಬ್ಬದ ಮರುದಿನ ಹಳಸುವ ಮೊದಲು ಎಂದು ಮಿಕ್ಕ ಹುಗ್ಗಿ, ಹೋಳಿಗೆಯನ್ನೆಲ್ಲ ಮೂಲೆಯಲ್ಲಿ ಸುರಿಯುವುದು ನಮ್ಮಲ್ಲಿ ಪುಣ್ಯದ ಕೆಲಸ. ಅವು ಕಲ್ಲು ತಿಂದರೂ ಅರಗಿಸಿಕೊಳ್ಳುತ್ತವೆ ಎನ್ನುತ್ತೇವೆ. ಅರಗಿಸಿಕೊಳ್ಳದವು ಎಲ್ಲಿ ಹೋಗಿ ಬಿದ್ದವು ಎಂದು ನೋಡಿದವರು ಯಾರು? ಅವುಗಳಿಗೂ ಕೊಡುವುದಿದ್ದರೆ ಬಿಳಿ ಅನ್ನ, ಬೇಯಿಸಿದ ತತ್ತಿ, ಜೋಳದ ರೊಟ್ಟಿ ಕೊಡಿ. ಹುಗ್ಗಿಯನ್ನು ಕೊಡಲೇಬೇಕೆನಿಸಿದರೆ ಓಣಿಯ ಮನುಷ್ಯರಿಗೆ ಹಂಚಿ.

ರಾಣಿ ಗುಣವಾದಳು. ಈಗ ಶೀರ್ ಖುರ್ಮಾ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಬರುತ್ತದೆ. ಹೋಳಿಗೆ ಬೇಯುವ ದಿನ ಅವಳು ಬೆಳಗಿನಿಂದಲೇ ಅಡುಗೆಮನೆಯ ಹೊಸ್ತಿಲ ಮೇಲೆ ಗದ್ದ ಊರಿ ಕೂರುತ್ತಾಳೆ. ನಾನು ಒಂದು ತುಂಡು ಜೋಳದ ರೊಟ್ಟಿ ಕೊಡುತ್ತೇನೆ. ಮರ್ಯಾದೆಯಿಂದ ಬಾಯಲ್ಲಿ ಹಿಡಿದುಕೊಂಡು ಅಂಗಳಕ್ಕೆ ಹೋಗಿ, ತುಳಸಿ ಕಟ್ಟೆಯ ಪಕ್ಕ ಅದನ್ನು ಇಟ್ಟು, ಮತ್ತೆ ಬಂದು ಹೊಸ್ತಿಲ ಮೇಲೆ ಕೂರುತ್ತಾಳೆ.