ಅರ್ಧ ಟ್ಯಾಂಕಿನ ಗುಟ್ಟು

ಮೂರು ವರ್ಷಗಳ ಹಿಂದೆ, ಆಷಾಢದ ಒಂದು ಬೆಳಗಿನ ಜಾವ, ಕೋಲಾರದ ಎಪಿಎಂಸಿಗೆ ಟೊಮೆಟೊ ಹೊತ್ತು ಹೊರಟಿದ್ದ ನಮ್ಮ ಪಿಕಪ್ ಹೆದ್ದಾರಿಯ ಬದಿಯಲ್ಲಿ ನಿಂತುಬಿಟ್ಟಿತು. ಕೋಲಾರ ಇನ್ನೂ ಹತ್ತು ಕಿಲೋಮೀಟರ್ ಇತ್ತು. ಹಿಂದೆ 80 ಬಾಕ್ಸ್ ಹಣ್ಣು, ಬಾಕ್ಸಿಗೆ 15 ಕೆಜಿ. ಹರಾಜು ನಮಗಾಗಿ ಕಾಯುವುದಿಲ್ಲ. ಬೇರೆ ಗಾಡಿ ಕರೆಸಿ, ರಸ್ತೆಯಲ್ಲೇ ಬಾಕ್ಸುಗಳನ್ನು ಇಳಿಸಿ ಏರಿಸಿ ಮಾರುಕಟ್ಟೆ ಮುಟ್ಟುವಾಗ ಒಳ್ಳೆಯ ಬೆಲೆ ಮುಗಿದುಹೋಗಿತ್ತು. ಗಾಡಿಯ ಕೆಲಸವನ್ನು ನಾನೇ ಪೂರ್ತಿಯಾಗಿ ಕಲಿಯಬೇಕೆಂದು ಅಂದು ನಿರ್ಧರಿಸಿದೆ. ಆಯಿಲ್ ಬದಲಿಸುವುದು, ಗ್ರೀಸ್ ಹೊಡೆಯುವುದು ಮೊದಲಿನಿಂದಲೂ ಗೊತ್ತಿತ್ತು. ಆದರೆ ಕಾಯಿಲೆ ಹುಡುಕುವುದು ಗೊತ್ತಿರಲಿಲ್ಲ.

ನಮ್ಮದು 2005ರ ಟಾಟಾ 207 ಡಿಐ, ಎರಡನೆಯ ಕೈಯಲ್ಲಿ ಕೊಂಡದ್ದು. 2956 ಸಿಸಿ, ನಾಲ್ಕು ಸಿಲಿಂಡರ್. ಎಂಜಿನ್ನಿಗೆ ಕಂಪ್ಯೂಟರ್ ಇಲ್ಲ. ಡೀಸೆಲ್, ಗಾಳಿ, ಸರಿಯಾದ ಒತ್ತಡ ಈ ಮೂರು ಸಿಕ್ಕರೆ ಓಡುತ್ತದೆ. ಒಂದು ತಪ್ಪಿದರೂ ನಿಲ್ಲುತ್ತದೆ. ಮನೆಯಂಗಳದಲ್ಲಿ ಕುಳಿತು ಇದನ್ನು ಅರ್ಥ ಮಾಡಿಕೊಳ್ಳಲು ಸಾಧ್ಯವಾಗುವುದು ಈ ಸರಳತೆಯಿಂದಲೇ.

ಅಂದು ಗಾಡಿಯನ್ನು ಎಳೆಸಿಕೊಂಡು ಹೋದ ಗ್ಯಾರೇಜಿನಲ್ಲಿ ಐದು ನಿಮಿಷ ನೋಡಿ, "ಪಂಪು ಹೋಗಿದೆ, ಬೇರೆ ಹಾಕಬೇಕು" ಎಂದರು. ಅವರು ಹೇಳಿದ ಮೊತ್ತ ಮುಂದಿನ ಬೆಳೆಯ ಸಸಿಗೂ ಕಂಬಕ್ಕೂ ನಾನು ಎತ್ತಿಟ್ಟಿದ್ದ ಹಣದಷ್ಟಿತ್ತು. ನನಗೆ ಒಪ್ಪಿಗೆಯಾಗಲಿಲ್ಲ. ನಾಜಲ್ಲುಗಳಿಗೆ ಡೀಸೆಲ್ ತಳ್ಳುವ ಆ ಪಂಪು ಸವೆದಿದ್ದರೆ ದಿನವೂ ತೊಂದರೆ ಕೊಡಬೇಕಲ್ಲವೇ? ನಮ್ಮ ಗಾಡಿ ನಾಲ್ಕು ದಿನ ಕುದುರೆಯಂತೆ ಓಡಿ ಐದನೆಯ ದಿನ ಉಸಿರು ಬಿಡುತ್ತಿತ್ತು. ಏರ್ ತೆಗೆದರೆ ಮತ್ತೆ ಓಡುತ್ತಿತ್ತು. ಅಂದರೆ ಎಲ್ಲಿಂದಲೋ ಡೀಸೆಲ್ ಲೈನಿನೊಳಗೆ ಗಾಳಿ ಸೇರುತ್ತಿದೆ ಎಂದಾಯಿತು. ಗಾಡಿಯನ್ನು ಮನೆಗೆ ತಂದೆ.

ಏರ್ ತೆಗೆಯುವುದನ್ನು ಮೊದಲು ಹೇಳಿಬಿಡುತ್ತೇನೆ. ಹಳೆಯ ಡೀಸೆಲ್ ಗಾಡಿ ಇಟ್ಟುಕೊಂಡವರೆಲ್ಲರಿಗೂ ಇದು ಬರಲೇಬೇಕು. ಡೀಸೆಲ್ ಫಿಲ್ಟರಿನ ತಲೆಯ ಮೇಲಿರುವ, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಕೈಯಿಂದ ಡೀಸೆಲ್ ತಳ್ಳುವ ಹ್ಯಾಂಡ್ ಪ್ರೈಮರನ್ನು ಒತ್ತುತ್ತಾ ಹೋಗಬೇಕು. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ತಿಳಿ ಡೀಸೆಲ್. ಪ್ರೈಮರ್ ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಬೇಕು. ಅಷ್ಟಕ್ಕೂ ಸ್ಟಾರ್ಟ್ ಆಗದಿದ್ದರೆ, ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ನಾಜಲ್ ಕಡೆಯ ಪೈಪುಗಳ ನಟ್ಟನ್ನು ಸ್ವಲ್ಪ ಸಡಿಲಿಸಿ, ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಡೀಸೆಲ್ ಚಿಮ್ಮುವುದನ್ನು ನೋಡಿ ಒಂದೊಂದಾಗಿ ಬಿಗಿಯಬೇಕು. ಈ ಪೈಪುಗಳ ಬಳಿ ಬರಿಗೈ ಇಡಬೇಡಿ. ನಾಜಲ್ ತೆರೆಯುವ ಒತ್ತಡ ಟೈರಿನ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಸೂಜಿಯಷ್ಟು ಸಣ್ಣ ಧಾರೆಯೂ ಚರ್ಮದೊಳಗೆ ಡೀಸೆಲ್ ನುಗ್ಗಿಸಿಬಿಡುತ್ತದೆ. ಹಾಗಾದರೆ ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಹುಡುಕಾಟಕ್ಕೆ ಒಂದು ಕ್ಯಾನು ಸಾಕಾಯಿತು. ಟ್ಯಾಂಕಿನಿಂದ ಬರುವ ಪೈಪನ್ನು ಕಳಚಿ, ಐದು ಲೀಟರ್ ಡೀಸೆಲ್ ತುಂಬಿದ ಕ್ಯಾನಿನಿಂದ ನೇರವಾಗಿ ಹೊಸ ಪೈಪು ಎಳೆದೆ. ವಾಪಸ್ ಬರುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟೆ. ಎಂಜಿನ್ ಒಂದು ಗಂಟೆ ಓಡಿತು, ಒಂದು ಸಲವೂ ತಡವರಿಸಲಿಲ್ಲ. ಪಂಪು, ಫಿಲ್ಟರ್, ನಾಜಲ್ ಎಲ್ಲವೂ ನಿರಪರಾಧಿಗಳೆಂದು ತೀರ್ಮಾನವಾಯಿತು. ತಪ್ಪು ಕ್ಯಾನು ಯಾವುದರ ಬದಲಿಗೆ ಕೂತಿತ್ತೋ ಆ ಭಾಗದಲ್ಲಿ, ಅಂದರೆ ಟ್ಯಾಂಕಿನಿಂದ ಎಂಜಿನ್ ತನಕದ ದಾರಿಯಲ್ಲಿ ಇತ್ತು.

ಇಲ್ಲಿ ಒಂದು ವಿಷಯ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಡೀಸೆಲ್ ಎಲ್ಲೂ ಸೋರುತ್ತಿಲ್ಲವಲ್ಲ, ಗಾಳಿ ಹೇಗೆ ಒಳಗೆ ಹೋಗುತ್ತದೆ ಎಂದು ಕೇಳುತ್ತಾರೆ. ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ಲನ್ನು ಎಂಜಿನ್ ಹೀರಿಕೊಳ್ಳುತ್ತದೆ. ಸ್ಟ್ರಾ ಹಾಕಿ ಎಳನೀರು ಕುಡಿಯುವಾಗ ಸ್ಟ್ರಾದಲ್ಲಿ ತೂತಿದ್ದರೆ ಎಳನೀರು ಹೊರಗೆ ಬರುವುದಿಲ್ಲ, ಗಾಳಿ ಬಾಯಿಗೆ ಬರುತ್ತದೆ. ಇದೂ ಹಾಗೆಯೇ. ಆದ್ದರಿಂದ ಒದ್ದೆ ಕಲೆ ಹುಡುಕಿ ಪ್ರಯೋಜನವಿಲ್ಲ.

ರಬ್ಬರ್ ಹೋಸುಗಳೆಲ್ಲ ಗಟ್ಟಿಯಾಗಿ, ಬಗ್ಗಿಸಿದರೆ ಬಿರುಕು ತೋರಿಸುತ್ತಿದ್ದವು. ಎಲ್ಲವನ್ನೂ ಬದಲಿಸಿದೆ, ಕ್ಲಿಪ್ಪುಗಳನ್ನೂ ಹೊಸದು ಹಾಕಿದೆ. ಪೈಪಿನ ತುದಿಗಳನ್ನು ಬಿಗಿಯುವ ಬ್ಯಾಂಜೊ ಬೋಲ್ಟುಗಳ ತಾಮ್ರದ ವಾಷರುಗಳನ್ನು ಮಾತ್ರ ಎಸೆಯಲಿಲ್ಲ. ಬಳಸಿ ಬಳಸಿ ಗಟ್ಟಿಯಾದ ತಾಮ್ರವನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕಿನ ಗುಣಕ್ಕೆ ಇದು ತದ್ವಿರುದ್ಧ. ಮೆತ್ತಗಿನ ವಾಷರ್ ಚೆನ್ನಾಗಿ ಕೂರುತ್ತದೆ. ಪಂಪಿಗೆ ಹೋಗುವ ಮುಂಚೆ ಒಂದು ಅಡಿಯಷ್ಟು ಪಾರದರ್ಶಕ ಪೈಪನ್ನೂ ಸೇರಿಸಿದೆ, ಗುಳ್ಳೆ ಬಂದರೆ ಕಣ್ಣಿಗೆ ಕಾಣಲಿ ಎಂದು. ನನ್ನ ಮಗಳು ಬಾನೆಟ್ ಪಕ್ಕ ನಿಂತು ಕಾವಲು ಕಾದಳು. ಅರ್ಧ ಗಂಟೆ ಓಡಿಸಿದರೂ ಒಂದು ಗುಳ್ಳೆಯೂ ಇಲ್ಲ. ಕೆಲಸ ಮುಗಿಯಿತು ಎಂದು ಟ್ಯಾಂಕ್ ತುಂಬಿಸಿದ್ದ ಅದೇ ಗಾಡಿಯಲ್ಲಿ ಮೂರು ಲೋಡು ಕೋಲಾರಕ್ಕೆ ಸಾಗಿಸಿದೆ.

ನಾಲ್ಕನೆಯ ಲೋಡಿಗೆ ಮತ್ತೆ ನಿಂತಿತು.

ಆ ರಾತ್ರಿ ಉತ್ತರ ಸಿಕ್ಕಿದ್ದು ಸ್ಪ್ಯಾನರಿನಿಂದಲ್ಲ, ಪುಸ್ತಕದಿಂದ. ಗಾಡಿಗೆಂದೇ ನಾವು ಒಂದು ನೋಟ್‌ಪುಸ್ತಕ ಇಟ್ಟಿದ್ದೇವೆ. ಯಾವ ದಿನ ಎಷ್ಟು ಡೀಸೆಲ್ ಹಾಕಿಸಿದೆವು, ಕಿಲೋಮೀಟರ್ ಎಷ್ಟು, ಏನು ಬದಲಿಸಿದೆವು ಎಂದು ಮಗಳು ಬರೆಯುತ್ತಾಳೆ. ಅವಳೇ ಪುಟ ತಿರುಗಿಸಿ ನೋಡಿ, "ಅಪ್ಪಾ, ಗಾಡಿ ನಿಂತಾಗೆಲ್ಲ ಡೀಸೆಲ್ ಹಾಕಿಸಿ ತುಂಬಾ ದಿನ ಆಗಿರುತ್ತದೆ. ಹಾಕಿಸಿದ ಮೇಲೆ ಒಂದು ಸಲವೂ ನಿಂತಿಲ್ಲ" ಎಂದಳು. ನಾನು ಲೆಕ್ಕ ಹಾಕಿದೆ. ನಿಂತ ಐದು ಸಲವೂ ಟ್ಯಾಂಕು ಅರ್ಧಕ್ಕಿಂತ ಕೆಳಗಿತ್ತು. ಗುಳ್ಳೆ ನೋಡಲು ಕುಳಿತ ದಿನ ಟ್ಯಾಂಕ್ ಭರ್ತಿಯಾಗಿತ್ತು. ಪರೀಕ್ಷೆ ಸರಿಯಾಗಿತ್ತು, ಮಾಡಿದ ಹೊತ್ತು ತಪ್ಪಾಗಿತ್ತು.

ಮರುದಿನ ಕಡಿಮೆ ಡೀಸೆಲ್ಲಿನಲ್ಲೇ ಸ್ಟಾರ್ಟ್ ಮಾಡಿದೆವು. ಪಾರದರ್ಶಕ ಪೈಪಿನಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಹರಿದವು. ಟ್ಯಾಂಕಿನ ಮೇಲಿನಿಂದ ಒಳಗಿಳಿಯುವ ಹೀರು ಕೊಳವೆಯನ್ನು ಬಿಚ್ಚಿ ತೆಗೆದಾಗ, ಅದರ ನಡುಮಧ್ಯದಲ್ಲಿ ತುಕ್ಕು ತಿಂದು ಗುಂಡುಸೂಜಿ ತೂರುವಷ್ಟು ತೂತಾಗಿತ್ತು. ಡೀಸೆಲ್ ಆ ತೂತಿನ ಮೇಲಿರುವ ತನಕ ಎಲ್ಲವೂ ಸುಖ. ಕೆಳಗಿಳಿದರೆ ತೂತು ಗಾಳಿ ಎಳೆಯುತ್ತದೆ. ರಾತ್ರಿ ನಿಲ್ಲಿಸಿದಾಗ ಪೈಪಿನಲ್ಲಿದ್ದ ಡೀಸೆಲ್ ಅಲ್ಲಿಂದಲೇ ಟ್ಯಾಂಕಿಗೆ ವಾಪಸ್ ಇಳಿದು, ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸೋಲುತ್ತಿದ್ದುದಕ್ಕೂ ಅದೇ ಕಾರಣ.

ಕೊಳವೆಯನ್ನು ಚೆನ್ನಾಗಿ ತೊಳೆದು ಒಣಗಿಸಿ, ಪೇಟೆಯಲ್ಲಿ ಹಿತ್ತಾಳೆ ಬೆಸುಗೆ ಹಾಕಿಸಿದೆ. ಬೆಸುಗೆಗೆ ಕೊಟ್ಟದ್ದು ಬಿಚ್ಚಿದ ಕೊಳವೆಯನ್ನು ಮಾತ್ರ. ಟ್ಯಾಂಕು ಖಾಲಿಯಾಗಿ ಕಂಡರೂ ಒಳಗೆ ಆವಿ ಉಳಿದಿರುತ್ತದೆ, ಅದಕ್ಕೆ ಬೆಂಕಿ ತೋರಿಸುವುದು ಪ್ರಾಣಕ್ಕೆ ಅಪಾಯ.

ತುಕ್ಕು ಏಕೆ ಹಿಡಿಯಿತು ಎಂಬುದನ್ನು ಬಿಡುವ ಹಾಗಿರಲಿಲ್ಲ. ಕೈಯಲ್ಲಿ ಹಣವಿದ್ದಷ್ಟು ಡೀಸೆಲ್ ಹಾಕಿಸಿ, ವಾರಗಟ್ಟಲೆ ಅರ್ಧ ಟ್ಯಾಂಕಿನಲ್ಲೇ ಗಾಡಿ ನಿಲ್ಲಿಸುತ್ತಿದ್ದೆವು. ಖಾಲಿ ಜಾಗದಲ್ಲಿರುವ ಗಾಳಿಯ ತೇವ ರಾತ್ರಿಯ ಚಳಿಗೆ ಹನಿಗಟ್ಟುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳಕ್ಕಿಳಿಯುತ್ತದೆ. ನಮ್ಮ ಕಡೆ ಮಾಗಿಯ ರಾತ್ರಿಗಳು ಹೇಗಿರುತ್ತವೆ ಎಂದು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗ ಗಾಡಿಯನ್ನು ಹೆಚ್ಚು ದಿನ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸುತ್ತೇನೆ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಗಾಡಿ ಅಲುಗಿಸುವ ಮುಂಚೆ, ಫಿಲ್ಟರಿನ ತಳದ ಡ್ರೈನ್ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಇಳಿಸುತ್ತೇನೆ. ನೀರಿದ್ದರೆ ಬಾಟಲಿಯ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಈ ಒಂದು ಕಾಯಿಲೆ ಕಲಿಸಿದ ಧೈರ್ಯದಿಂದ ಟ್ಯಾಪೆಟ್ ಸೆಟ್ಟಿಂಗಿಗೂ, ಅಂದರೆ ವಾಲ್ವುಗಳ ಸಣ್ಣ ಗ್ಯಾಪ್ ಸರಿಪಡಿಸುವುದಕ್ಕೂ ಕೈ ಹಾಕಿದೆ. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಐದರ ಲೆಕ್ಕ ನೆನಪಿಟ್ಟರೆ ಸಾಕು. ಎಂಜಿನ್ನನ್ನು ಕೈಯಿಂದ ತಿರುಗಿಸುತ್ತಾ ಹೋದಾಗ ನಾಲ್ಕನೆಯ ಸಿಲಿಂಡರಿನ ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯಲು ಶುರುವಾಗುವ ಘಳಿಗೆಯಲ್ಲಿ ಒಂದನೆಯ ಸಿಲಿಂಡರಿನದನ್ನು ಸೆಟ್ ಮಾಡಬೇಕು. ಎರಡನೆಯದು ಹಾಗೆ ಅಲುಗಿದಾಗ ಮೂರನೆಯದು, ಒಂದನೆಯದು ಅಲುಗಿದಾಗ ನಾಲ್ಕನೆಯದು, ಮೂರನೆಯದು ಅಲುಗಿದಾಗ ಎರಡನೆಯದು. ಎರಡು ಸಂಖ್ಯೆ ಕೂಡಿದರೆ ಸದಾ ಐದು. ಎಷ್ಟು ಗ್ಯಾಪ್ ಎಂಬುದನ್ನು ಮ್ಯಾನ್ಯುಯಲ್ ನೋಡಿಯೇ ಇಡಬೇಕು, ಬೇರೆ ಗಾಡಿಯ ಅಳತೆ ಕೇಳಿ ಇಡಬಾರದು. ಗ್ಯಾಪ್ ಅಳೆಯುವ ತೆಳು ಪಟ್ಟಿ, ಫೀಲರ್ ಗೇಜು, ಸ್ವಲ್ಪ ಹಿಡಿದು ಜಾರಬೇಕು. ಅದರ ಹದ ಬೆರಳಿಗೆ ಬರಲು ನನಗೆ ಮೂರು ಸಲ ಬೇಕಾಯಿತು.

ರೇಡಿಯೇಟರಿನ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನಮ್ಮ ಜಿಲ್ಲೆಯ ಆಳದ ಬೋರ್‌ವೆಲ್ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪಕಳೆ ಕಟ್ಟುವುದನ್ನು ನಮ್ಮ ಮನೆಯ ಹೆಂಗಸರು ದಿನವೂ ಉಜ್ಜುತ್ತಾರೆ. ಅದೇ ಪಕಳೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿದರೆ ಉಜ್ಜುವವರು ಯಾರು? ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಬಿಟ್ಟು ಬೇರೇನನ್ನೂ ಹಾಕುವುದಿಲ್ಲ. ಗಾಡಿ ಬಿಸಿಯಾಗುತ್ತದೆ ಎಂದು, ಎಂಜಿನ್ ಕಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟ್ಯಾಟನ್ನೇ ಕಿತ್ತೆಸೆಯುವ ಪದ್ಧತಿಯೂ ನಮ್ಮಲ್ಲಿದೆ. ನನ್ನ ಗಾಡಿಯಲ್ಲೂ ಹಿಂದಿನ ಮಾಲೀಕರು ಕಿತ್ತಿದ್ದರು. ಎಂಜಿನ್ ತಣ್ಣಗೇ ಓಡಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಸವೆತವೂ ಹೆಚ್ಚು. ಹೊಸ ಥರ್ಮೋಸ್ಟ್ಯಾಟ್ ತಂದು, ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ, ಅದರ ಮೇಲೆ ಬರೆದ ಉಷ್ಣತೆಗೆ ತೆರೆಯುತ್ತದೆಯೇ ಎಂದು ನೋಡಿಯೇ ಕೂರಿಸಿದೆ. ಬಿಸಿಯಾಗುತ್ತಿದ್ದುದಕ್ಕೆ ನಿಜವಾದ ಕಾರಣ ಸಡಿಲವಾದ ಫ್ಯಾನ್ ಬೆಲ್ಟು ಮತ್ತು ರೇಡಿಯೇಟರಿನ ಮುಖಕ್ಕೆ ಮೆತ್ತಿದ್ದ ಕೆಮ್ಮಣ್ಣು.

ಗಾಡಿಯ ಕೆಳಗೆ ಹೋಗುವಾಗ ಜಾಕಿಯನ್ನು ನಂಬಬಾರದು. ನಮ್ಮೂರಲ್ಲಿ ಎಲ್ಲಿ ನೋಡಿದರೂ ಕಲ್ಲುಚಪ್ಪಡಿ ಇರುವುದರಿಂದ ಅದನ್ನೇ ಗಾಡಿಯ ಕೆಳಗೆ ಆಸರೆಯಾಗಿ ಕೊಡುವವರಿದ್ದಾರೆ. ಕಲ್ಲು ಸೂಚನೆ ಕೊಡದೆ ಸೀಳುತ್ತದೆ. ನಾನು ಬಳಸುವುದು ಹುಣಸೆ ಮರದ ಅಗಲವಾದ ದಿಮ್ಮಿಗಳು. ಮಾಂಸ ಕಡಿಯುವ ಕೊರಡಿಗೆ ಹುಣಸೆಯನ್ನೇ ಆರಿಸುವುದು ಅದು ಸುಲಭಕ್ಕೆ ಸೀಳುವುದಿಲ್ಲವೆಂದೇ. ಚಾಸಿಯ ಕೆಳಗೆ ಎರಡೂ ಕಡೆ ದಿಮ್ಮಿ, ನೆಲದಲ್ಲಿರುವ ಚಕ್ರಗಳಿಗೆ ಅಡ್ಡಗಲ್ಲು, ಆಮೇಲೆ ಒಮ್ಮೆ ಗಾಡಿಯನ್ನು ಜೋರಾಗಿ ಅಲುಗಿಸಿ ನೋಡಿಯೇ ಒಳಗೆ ನುಸುಳುತ್ತೇನೆ.

ಮನೆಯಲ್ಲಿ ಮಾಡದ ಕೆಲಸವೂ ಇದೆ. ನಾಜಲ್ ಒತ್ತಡ ಮತ್ತು ಪಂಪಿನ ಕ್ಯಾಲಿಬ್ರೇಷನ್ನಿಗೆ ಟೆಸ್ಟ್ ಬೆಂಚು ಬೇಕು. ಈ ಪಂಪು ತಯಾರಿಸುವ ಮೈಕೋ ಕಂಪನಿಯ ಹೆಸರು 2008ರಲ್ಲೇ ಬಾಷ್ ಎಂದು ಬದಲಾದರೂ ಹಳಬರ ಬಾಯಲ್ಲಿ ಇವತ್ತಿಗೂ ಅದು ಮೈಕೋ ಪಂಪೇ. ಅದರ ಸೀಲನ್ನು ನಾನು ಮುಟ್ಟುವುದಿಲ್ಲ. ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್ ನೋಡುತ್ತೇನೆ, ಆಮೇಲೆ ನಾಜಲ್ಲುಗಳನ್ನು ಬಿಚ್ಚಿ ಪಂಪು ರಿಪೇರಿಯವರಿಗೆ ಕೊಡುತ್ತೇನೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಸದ್ಯ ಅದು ನಮ್ಮ ಗಾಡಿಯಲ್ಲಿಲ್ಲ. ಹಳೆಯ ಗಾಡಿಯಾದ್ದರಿಂದ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಹೊಗೆಯನ್ನು ಹಿಡಿತದಲ್ಲಿಡಲು ಅದೂ ಒಂದು ಕಾರಣ.

ಈಗ ಉಳಿದಿರುವುದು ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲಿನ ಸೋರಿಕೆ. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ಕ್ಲಚ್ ಪ್ಲೇಟು ಇನ್ನೊಂದು ಬೆಳೆಯ ತನಕ ಬರುತ್ತದೆ, ಎರಡನ್ನೂ ಒಟ್ಟಿಗೆ ಮಾಡುವುದೆಂದು ಇಟ್ಟಿದ್ದೇನೆ. ಅಲ್ಲಿಯವರೆಗೆ ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸುತ್ತೇವೆ. ಬೆಳಿಗ್ಗೆ ಮಗಳು ಅದರ ಮೇಲಿನ ಹನಿಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯುತ್ತಾಳೆ. ಹೋದ ತಿಂಗಳು ನಾಲ್ಕು ಇತ್ತು, ನಿನ್ನೆ ಏಳು.